ಪರದೆಯಿಲ್ಲದ ಬೋರ್ಡಿಗೆ ನೆಟ್‌ವರ್ಕ್ ಬೂಟ್

ಮೇಜಿನ ಮೇಲಿರುವುದು ಸ್ವಿಟ್ಜರ್ಲೆಂಡಿನ ಪಿಸಿ ಎಂಜಿನ್ಸ್ ಸಂಸ್ಥೆ ತಯಾರಿಸುತ್ತಿದ್ದ ಆಲಿಕ್ಸ್ 2ಡಿ3 ಬೋರ್ಡು. ಆರಿಂಚು ಚೌಕದ ಈ ಹಲಗೆಯಲ್ಲಿ 500 ಮೆಗಾಹರ್ಟ್ಸ್‌ನ ಎಎಂಡಿ ಜಿಯೋಡ್ ಪ್ರೊಸೆಸರ್, 256 ಎಂಬಿ ಮೆಮೊರಿ ಮತ್ತು ಮೂರು ಈಥರ್‌ನೆಟ್ ಪೋರ್ಟುಗಳಿವೆ. ಮಾನಿಟರ್ ಜೋಡಿಸಲು ಮಾತ್ರ ಜಾಗವಿಲ್ಲ. ಪೆನ್‌ಡ್ರೈವ್‌ನಿಂದ ಬೂಟ್ ಆಗುವ ಸೌಲಭ್ಯವೂ ಇದರ ಬಯೋಸ್‌ನಲ್ಲಿ (ವಿದ್ಯುತ್ ಬಂದೊಡನೆ ಮೊದಲು ಓಡುವ ತಂತ್ರಾಂಶದಲ್ಲಿ) ಇಲ್ಲದಿರುವುದರಿಂದ, ಓಪನ್‌ಬಿಎಸ್‌ಡಿ ಎಂಬ ಕಾರ್ಯಾಚರಣಾ ವ್ಯವಸ್ಥೆಯ ಇನ್‌ಸ್ಟಾಲರನ್ನು ನೆಟ್‌ವರ್ಕ್ ಮೂಲಕ ಕಳುಹಿಸಿ, ಒಳಗೆ ನಡೆಯುವುದನ್ನೆಲ್ಲ ಸೀರಿಯಲ್ ಕನ್ಸೋಲ್‌ನಲ್ಲಿ, ಅಂದರೆ ಸೀರಿಯಲ್ ಕೇಬಲಿನ ಮೂಲಕ ಲ್ಯಾಪ್‌ಟಾಪಿಗೆ ಬರುವ ಸಾಲುಗಳಲ್ಲಿ, ಓದಿಕೊಳ್ಳುವುದು ಈ ಸಂಚಿಕೆಯ ಕೆಲಸ.

ವಿದ್ಯುತ್ ಕೊಟ್ಟಾಗಿದೆ. ಎಲ್‌ಇಡಿಗಳು ಉರಿಯುತ್ತಿವೆ, ಆದರೆ ಲ್ಯಾಪ್‌ಟಾಪಿನ ಟರ್ಮಿನಲ್‌ನಲ್ಲಿ ಒಂದಕ್ಷರವೂ ಮೂಡಿಲ್ಲ. ಬೋರ್ಡು ಕೆಟ್ಟಿದೆ ಎಂದು ಇಲ್ಲಿಯೇ ಕೈಚೆಲ್ಲುವವರಿದ್ದಾರೆ. ನನ್ನ ಮೊದಲ ಸಂಶಯವೆಲ್ಲ ಕೇಬಲಿನ ಮೇಲೆ.

ಈ ಕೇಬಲಿನ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ. ಬೋರ್ಡಿನಲ್ಲೂ ಲ್ಯಾಪ್‌ಟಾಪಿಗೆ ಸಿಕ್ಕಿಸಿದ ನನ್ನ ಯುಎಸ್‌ಬಿ-ಸೀರಿಯಲ್ ಅಡಾಪ್ಟರಿನಲ್ಲೂ ಇರುವುದು ಒಂಬತ್ತು ಪಿನ್ನಿನ ಮೇಲ್ ಕನೆಕ್ಟರ್. ಆದ್ದರಿಂದ ನಡುವಿನ ಕೇಬಲಿನ ಎರಡೂ ತುದಿ ಫೀಮೇಲ್ ಆಗಿರಬೇಕು, ಜೊತೆಗೆ ಅದು ಒಂದು ಕಡೆ ಕಳುಹಿಸುವ ಪಿನ್ನನ್ನು ಇನ್ನೊಂದು ಕಡೆ ಸ್ವೀಕರಿಸುವ ಪಿನ್ನಿಗೆ ಸೇರಿಸುವ ನಲ್ ಮೋಡೆಮ್ ಕೇಬಲೇ ಆಗಿರಬೇಕು: ಒಂದು ತುದಿಯ 2ನೆಯ ಪಿನ್ ಇನ್ನೊಂದು ತುದಿಯ 3ನೆಯದಕ್ಕೂ, 3ನೆಯದು 2ನೆಯದಕ್ಕೂ ಅಡ್ಡ ಹಾಯಬೇಕು, ಗ್ರೌಂಡ್ ಆದ 5 ಮಾತ್ರ ನೇರವಾಗಿ 5ಕ್ಕೇ ಹೋಗಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯೊಂದರಲ್ಲಿ 350 ರೂಪಾಯಿ ಕೊಟ್ಟು ತಂದ ಇದರ ಪ್ಯಾಕೆಟ್ಟಿನ ಮೇಲೆ ನಲ್ ಮೋಡೆಮ್ ಎಂದು ದಪ್ಪಕ್ಷರದಲ್ಲೇ ಮುದ್ರಿಸಿದ್ದಾರೆ. ಈಗ ಮಲ್ಟಿಮೀಟರಿನ ಬೀಪ್ ಕೇಳಿ: 2ರಿಂದ 2ಕ್ಕೆ ಕೂಗುತ್ತಿದೆ, 3ರಿಂದ 3ಕ್ಕೆ ಕೂಗುತ್ತಿದೆ. ಅಂದರೆ ಇದು ಅಪ್ಪಟ ನೇರ ಕೇಬಲು. ಹಿಂದಿರುಗಿಸಲು ಹೋದರೆ, ಪ್ಯಾಕೆಟ್ ಒಡೆದ ಮೇಲೆ ವಾಪಸ್ ಇಲ್ಲ ಎಂಬ ಉತ್ತರ ಸಿಕ್ಕಿತು. ಪ್ಯಾಕೆಟ್ ಒಡೆಯದೆ ಒಳಗಿನ ಪಿನ್ನುಗಳನ್ನು ಪರೀಕ್ಷಿಸುವ ವಿದ್ಯೆಯನ್ನೂ ಅವರೇ ಕಲಿಸಿಕೊಟ್ಟಿದ್ದರೆ ಚೆನ್ನಾಗಿತ್ತು. ಕನೆಕ್ಟರಿನ ತಲೆ ಅಚ್ಚು ಹೊಯ್ದದ್ದಾದ್ದರಿಂದ ಬಿಚ್ಚಲು ಬರುವುದಿಲ್ಲ. ಹಾಗಾಗಿ ಕೇಬಲನ್ನು ನಡುವೆ ಕತ್ತರಿಸಿ, ಆ ಎರಡು ವೈರುಗಳನ್ನು ಅದಲುಬದಲು ಮಾಡಿ ಬೆಸುಗೆ ಹಾಕುತ್ತಿದ್ದೇನೆ. ವೈರಿನ ಬಣ್ಣವನ್ನು ನಂಬಬೇಡಿ, ಪ್ರತಿಯೊಂದನ್ನೂ ಬೀಪ್ ಮಾಡಿಯೇ ಖಚಿತಪಡಿಸಿಕೊಳ್ಳಿ. ನನ್ನನ್ನು ಕೇಳಿದರೆ ಈ ಒಂಬತ್ತು ಪಿನ್ನಿನ ಕನೆಕ್ಟರನ್ನು ಎಂದೋ ಕೈಬಿಡಬೇಕಿತ್ತು.

ಬೆಸೆದ ಕೇಬಲನ್ನು ಜೋಡಿಸಿ, ಟರ್ಮಿನಲ್‌ನಲ್ಲಿ ವೇಗ ಸೆಕೆಂಡಿಗೆ 38400 ಬಿಟ್ ಎಂದು ಕೊಟ್ಟ ಕೂಡಲೇ ಬಯೋಸ್‌ನ ಸಾಲುಗಳು ಬಂದವು. ಮೆಮೊರಿ ಎಣಿಸುತ್ತಿರುವಾಗಲೇ ಎಸ್ ಒತ್ತಿದರೆ ಸೆಟಪ್, ಅಲ್ಲಿ ಇ ಒತ್ತಿದರೆ ಪಿಎಕ್ಸ್‌ಇ ಬೂಟ್, ಅಂದರೆ ನೆಟ್‌ವರ್ಕಿನಿಂದ ಬೂಟ್, ಆನ್. ಅಕ್ಷರಗಳು ಕಾಣಿಸಿ, ನೀವು ಒತ್ತಿದ ಕೀ ಮಾತ್ರ ಬೋರ್ಡಿಗೆ ತಲುಪದಿದ್ದರೆ, ಟರ್ಮಿನಲ್ ಪ್ರೋಗ್ರಾಮಿನ ಹಾರ್ಡ್‌ವೇರ್ ಫ್ಲೋ ಕಂಟ್ರೋಲ್ ಆನ್ ಆಗಿದೆಯೇ ನೋಡಿ, ಆಗಿದ್ದರೆ ಆಫ್ ಮಾಡಿ.

ಈಗ ಪರದೆಯ ಮೇಲಿರುವುದು ಪಿಎಕ್ಸ್‌ಇ-ಇ53 ಎಂಬ ದೋಷಸಂಕೇತ, ಅಂದರೆ ನೆಟ್‌ವರ್ಕ್ ವಿಳಾಸ ಸಿಕ್ಕಿದೆ, ಬೂಟ್ ಫೈಲಿನ ಹೆಸರು ಸಿಕ್ಕಿಲ್ಲ. ಲ್ಯಾಪ್‌ಟಾಪಿನಲ್ಲಿ ಓಡುತ್ತಿರುವ ಡಿಎನ್‌ಎಸ್‌ಮಾಸ್ಕ್ ಎಂಬ ಸರ್ವರ್ ಪ್ರೋಗ್ರಾಮು ಆ ಹೆಸರನ್ನು ಕೊಡಲು ಸಿದ್ಧವಾಗಿದ್ದರೂ, ಅದೇ ಸ್ವಿಚ್ಚಿನಲ್ಲಿರುವ ಮನೆಯ ರೂಟರ್ ತಾನೂ ವಿಳಾಸ ಹಂಚುವ ಡಿಎಚ್‌ಸಿಪಿ ಸರ್ವರ್ ಆಗಿರುವುದರಿಂದ ಮುಂದೆ ನುಗ್ಗಿ ಉತ್ತರ ಕೊಟ್ಟಿದೆ. ಬೋರ್ಡನ್ನು ಲ್ಯಾಪ್‌ಟಾಪಿಗೆ ನೇರವಾಗಿ ಜೋಡಿಸಿದರೆ ಈ ಜಗಳ ಮುಗಿಯುತ್ತದೆ. ಇ51 ಬಂದರೆ ಡಿಎಚ್‌ಸಿಪಿಯ ಉತ್ತರವೇ ಬಂದಿಲ್ಲ, ಇ32 ಬಂದರೆ ಕಡತಗಳನ್ನು ಕಳುಹಿಸುವ ಟಿಎಫ್‌ಟಿಪಿ ಸರ್ವರ್ ಉತ್ತರಿಸುತ್ತಿಲ್ಲ ಎಂದು ತಿಳಿಯಬೇಕು. ಎರಡಕ್ಕೂ ಮೊದಲು ಲ್ಯಾಪ್‌ಟಾಪಿನ ಫೈರ್‌ವಾಲ್‌ನಲ್ಲಿ ಇವು ಬಳಸುವ ಯುಡಿಪಿ ಪೋರ್ಟುಗಳಾದ 67 ಮತ್ತು 69 ತೆರೆದಿವೆಯೇ ನೋಡಿ.

ಓಪನ್‌ಬಿಎಸ್‌ಡಿಯ ಬೂಟ್ ಫೈಲಾದ ಪಿಎಕ್ಸ್‌ಇಬೂಟ್ ಬಂತು, ವ್ಯವಸ್ಥೆಯ ತಿರುಳಾದ ಕರ್ನಲ್ ಇಳಿಯಿತು, ಎಂಟ್ರಿ ಪಾಯಿಂಟ್ ಎಂಬ ಸಾಲಿನ ನಂತರ ಮತ್ತೆ ಮೌನ. ಕರ್ನಲ್ ನಿಂತಿಲ್ಲ, ಈ ಬೋರ್ಡಿನಲ್ಲಿ ಇಲ್ಲವೇ ಇಲ್ಲದ ಮಾನಿಟರಿಗೆ ಅದು ಶ್ರದ್ಧೆಯಿಂದ ಬರೆಯುತ್ತಿದೆ. ಇಲ್ಲಿಯವರೆಗೆ ಕಂಡ ಸಾಲುಗಳನ್ನು ಸೀರಿಯಲ್ಲಿಗೆ ತಿರುಗಿಸಿ ಕಳುಹಿಸುತ್ತಿದ್ದುದು ಬಯೋಸ್, ಆ ನೆರವನ್ನು ಕರ್ನಲ್ ಪಡೆಯುವುದಿಲ್ಲ. ಟಿಎಫ್‌ಟಿಪಿ ಕಡತಕೋಶದ ಒಳಗೆ ಇಟಿಸಿ ಎಂಬ ಕೋಶ ಮಾಡಿ, ಅದರಲ್ಲಿನ ಬೂಟ್.ಕಾನ್ಫ್ ಕಡತದಲ್ಲಿ ಸೆಟ್ ಟಿಟಿವೈ ಕಾಮ್0 ಎಂದು ಬರೆಯಬೇಕು (ಕಾಮ್0 ಎಂದರೆ ಮೊದಲ ಸೀರಿಯಲ್ ಪೋರ್ಟು). ಅಷ್ಟನ್ನೇ ಬರೆದರೆ ಏನಾಗುತ್ತದೆ ಎಂಬುದನ್ನೂ ನೋಡಿ: ಪರದೆಯ ತುಂಬ ಅರ್ಥವಿಲ್ಲದ ಚಿಹ್ನೆಗಳು, ಏಕೆಂದರೆ ಓಪನ್‌ಬಿಎಸ್‌ಡಿಯ ರೂಢಿಯ ವೇಗ 9600. ಆ ಸಾಲಿಗಿಂತ ಮೊದಲು ಎಸ್‌ಟಿಟಿವೈ ಕಾಮ್0 38400 ಎಂಬ ಇನ್ನೊಂದು ಸಾಲು ಬೇಕು.

ಬೆಸುಗೆ ಹಾಕುವಾಗ ಬೈದ ಕನೆಕ್ಟರಿನ ಬಗ್ಗೆ ನನ್ನ ಅಭಿಪ್ರಾಯವೀಗ ಬದಲಾಗಿದೆ. ಎರಡು ಸ್ಕ್ರೂ ಬಿಗಿದರೆ ಅಲುಗಾಡುವುದಿಲ್ಲ. ಇಂದಿನ ಹಲವು ಬೋರ್ಡುಗಳಲ್ಲಿರುವ 3.3 ವೋಲ್ಟಿನ ಬರಿಯ ಪಿನ್ನುಗಳಿಗೆ 5 ವೋಲ್ಟಿನ ಅಡಾಪ್ಟರ್ ಸಿಕ್ಕಿಸಿದರೆ ಚಿಪ್ಪೇ ಸುಟ್ಟೀತು, ಇದರಲ್ಲಿ ಆ ಭಯವಿಲ್ಲ.

ಇನ್‌ಸ್ಟಾಲರ್ ಬಂದಿದೆ. ಡೀಫಾಲ್ಟ್ ಕನ್ಸೋಲನ್ನು ಕಾಮ್0ಗೆ ಬದಲಿಸಲೇ ಎಂದು ಕೇಳಿದಾಗ ಹೌದು ಎನ್ನಿ, ವೇಗವನ್ನು 38400 ಎಂದೇ ಉಳಿಸಿ; ಲಾಗಿನ್ ಕೂಡ ಇದೇ ಕೇಬಲಿನಲ್ಲಿ ಬರುತ್ತದೆ. ಮುಗಿದ ಮೇಲೆ ಮತ್ತೆ ಸೆಟಪ್‌ಗೆ ಹೋಗಿ ಇ ಒತ್ತಿ ಪಿಎಕ್ಸ್‌ಇ ಆಫ್ ಮಾಡಬೇಕು, ಇಲ್ಲದಿದ್ದರೆ ಬೋರ್ಡಿನ ಕಾಂಪ್ಯಾಕ್ಟ್‌ಫ್ಲ್ಯಾಶ್ ಮೆಮೊರಿ ಕಾರ್ಡಿನಲ್ಲಿ ಸಿದ್ಧವಾಗಿರುವ ವ್ಯವಸ್ಥೆಯನ್ನು ಬಿಟ್ಟು ಬೋರ್ಡು ಪುನಃ ನೆಟ್‌ವರ್ಕಿನ ಇನ್‌ಸ್ಟಾಲರನ್ನೇ ತಂದುಕೊಳ್ಳುತ್ತದೆ.