ದಾರಿ ತಪ್ಪಿದ ತಿಮಿಂಗಿಲಗಳು

ಎಲ್ಲರಿಗೂ ಶರಣು ಶರಣಾರ್ಥಿ.

ಕಲಬುರಗಿಯಲ್ಲಿ ತಿಮಿಂಗಿಲದ ಬಗ್ಗೆ ಉಪನ್ಯಾಸ ಅಂತ ಕರಪತ್ರ ನೋಡಿ ಕೆಲವರು ನಕ್ಕರಂತೆ. ನಗಲಿ ಬಿಡಿ. ಇಲ್ಲಿಂದ ಯಾವ ದಿಕ್ಕಿಗೆ ಹೊರಟರೂ ಮುನ್ನೂರೈವತ್ತು ಕಿಲೋಮೀಟರ್ ದಾಟದೆ ಸಮುದ್ರ ಸಿಗುವುದಿಲ್ಲ. ಆದರೆ ನಾನು ಹೇಳಹೊರಟಿರುವುದೇ ಸಮುದ್ರ ಬಿಟ್ಟು ದೂರ ಬಂದ ತಿಮಿಂಗಿಲಗಳ ಕಥೆ.

2022ರ ಆಗಸ್ಟ್‌ನಲ್ಲಿ ಫ್ರಾನ್ಸಿನ ಸೀನ್ ನದಿಯಲ್ಲಿ ಒಂದು ಬೆಲೂಗಾ ಕಾಣಿಸಿಕೊಂಡಿತು. ಬೆಲೂಗಾ ಅಂದರೆ ಬಿಳಿ ತಿಮಿಂಗಿಲ. ಅದರ ಊರು ಉತ್ತರ ಧ್ರುವದ ಹಿಮದ ನೀರು. ಇದೋ, ಪ್ಯಾರಿಸ್‌ನಿಂದ ಸುಮಾರು 70 ಕಿ.ಮೀ. ದೂರದಲ್ಲಿ ದೋಣಿಗಳನ್ನು ಏರಿಸಿ ಇಳಿಸುವ ಗೇಟುಗಳ ನಡುವೆ ಸಿಕ್ಕಿಕೊಂಡಿತ್ತು. ನಾಲ್ಕು ಮೀಟರ್ ಉದ್ದ, 800 ಕೆ.ಜಿ. ತೂಕ. ಅಷ್ಟುದ್ದದ ಬೆಲೂಗಾಗೆ ಈ ತೂಕ ಏನೂ ಅಲ್ಲ, ಸೊರಗಿ ಹೋಗಿತ್ತು. ಮೀನು ಹಾಕಿದರು, ತಿನ್ನಲಿಲ್ಲ. ಕೊನೆಗೆ ರಾತ್ರಿಯೆಲ್ಲ ಒದ್ದಾಡಿ, ಬಲೆಯಲ್ಲಿ ಹಿಡಿದು, ಕ್ರೇನ್‌ನಿಂದ ಎತ್ತಿ, ಲಾರಿಯಲ್ಲಿ ಸಮುದ್ರದ ಕಡೆ ಹೊರಟರು. ದಾರಿಯಲ್ಲೇ ಉಸಿರು ಕೆಟ್ಟಿತು. ಪಶುವೈದ್ಯರು ದಯಾಮರಣ ಕೊಡಬೇಕಾಯಿತು.

ಇಂಥ ಸುದ್ದಿ ಬಂದಾಗೆಲ್ಲ ಟಿವಿಯವರು ‘ಆತ್ಮಹತ್ಯೆ’ ಅಂತ ದೊಡ್ಡದಾಗಿ ಹಾಕುತ್ತಾರೆ. ನನಗೆ ಇದು ಸುತಾರಾಂ ಒಪ್ಪಿಗೆ ಇಲ್ಲ. ತಿಮಿಂಗಿಲ ಸಾಯಲು ಬರುವುದಿಲ್ಲ. ಹಾಗಂತ ಅದು ದಡ್ಡ ಪ್ರಾಣಿಯೂ ಅಲ್ಲ. ಆಳ ಸಮುದ್ರದಲ್ಲಿ ಅದನ್ನು ಕಾಪಾಡುವ ಗುಣಗಳೇ ಆಳವಿಲ್ಲದ ನೀರಿನಲ್ಲಿ ಅದಕ್ಕೆ ಮುಳುವಾಗುತ್ತವೆ. ಇವತ್ತಿನ ನನ್ನ ಮಾತೆಲ್ಲ ಇದರ ಸುತ್ತಲೇ.

ಮೊದಲು ಕಿವಿಯ ವಿಷಯ. ಸಮುದ್ರದಲ್ಲಿ ಸ್ವಲ್ಪ ಆಳಕ್ಕೆ ಹೋದರೆ ಕತ್ತಲು. ಹಾಗಾಗಿ ತಿಮಿಂಗಿಲದ ಬದುಕು ನಡೆಯುವುದು ಹೆಚ್ಚಾಗಿ ಶಬ್ದದ ಮೇಲೆ. ಹಲ್ಲಿರುವ ಜಾತಿಗಳು ಟಿಕ್ ಟಿಕ್ ಅಂತ ಸದ್ದು ಮಾಡಿ, ಅದು ಬಡಿದು ವಾಪಸ್ ಬರುವುದನ್ನು ಕೇಳಿ ಎದುರು ಏನಿದೆ ಅಂತ ತಿಳಿಯುತ್ತವೆ. ನೀವೆಲ್ಲ ಶಾಲಾ ಪ್ರವಾಸದಲ್ಲಿ ವಿಜಯಪುರದ ಗೋಳಗುಮ್ಮಟಕ್ಕೆ ಹೋಗಿ ಕೂಗಿ ಬಂದವರೇ ಅಲ್ವಾ? ಅಲ್ಲಿ ಗೋಡೆ ಇದೆ, ಕೂಗು ತಿರುಗಿ ಬರುತ್ತದೆ. ಅದೇ ಕೂಗನ್ನು ಬಟಾ ಬಯಲಿನ ತೊಗರಿ ಹೊಲದಲ್ಲಿ ನಿಂತು ಹಾಕಿ ನೋಡಿ. ಹೋದದ್ದು ಹೋಯಿತು, ವಾಪಸ್ ಏನೂ ಇಲ್ಲ. ನಿಧಾನವಾಗಿ ಇಳಿಜಾರಾಗುವ ಮರಳ ದಡದಲ್ಲಿ ಆಗುವುದೂ ಇದೇ ಅಂತ ಹಲವು ತಜ್ಞರು ಹೇಳುತ್ತಾರೆ. ಸದ್ದು ತಿರುಗಿ ಬರುವುದಿಲ್ಲ. ಎದುರಿಗೆ ತೆರೆದ ನೀರಿದೆ ಅಂತ ಪ್ರಾಣಿ ಮುಂದೆ ಬರುತ್ತದೆ. ಅಷ್ಟರಲ್ಲಿ ಇಳಿತ ಶುರುವಾಗಿ ನೀರು ಹಿಂದೆ ಸರಿದರೆ ಮುಗಿಯಿತು.

ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಮಕ್ವಾರಿ ಹಾರ್ಬರ್ ಅಂತ ಇದೆ. 2020ರ ಸೆಪ್ಟೆಂಬರ್‌ನಲ್ಲಿ ಅಲ್ಲಿ ಸುಮಾರು 470 ಪೈಲಟ್ ತಿಮಿಂಗಿಲಗಳು ಮರಳಿನಲ್ಲಿ ಸಿಕ್ಕಿಬಿದ್ದವು. ನೂರು ಚಿಲ್ಲರೆ ಮಾತ್ರ ಉಳಿದವು. ಎರಡು ವರ್ಷದ ನಂತರ ಅದೇ ಜಾಗಕ್ಕೆ ಇನ್ನೂ 230ರಷ್ಟು ಬಂದು ಬಿದ್ದವು. ಜಾಗವೇ ಬಲೆ ಇದ್ದ ಹಾಗೆ ಇದೆ ಅಂತ ಅನಿಸುವುದಿಲ್ಲವೇ?

ಆದರೆ ನೂರಾರು ಒಟ್ಟಿಗೆ ಯಾಕೆ? ಪೈಲಟ್ ತಿಮಿಂಗಿಲಗಳದ್ದು ದೊಡ್ಡ ಕುಟುಂಬ. ತಾಯಿ, ಅಜ್ಜಿ, ಮಕ್ಕಳು, ಮೊಮ್ಮಕ್ಕಳು ಎಲ್ಲ ಜೊತೆಯಲ್ಲೇ. ಒಂದು ದಡದಲ್ಲಿ ಬಿದ್ದು ಕೂಗಿದರೆ ಉಳಿದವು ಬಿಟ್ಟು ಹೋಗುವುದಿಲ್ಲ. ನಮ್ಮ ಪಕ್ಕದ ತಮಿಳುನಾಡಿನಲ್ಲೇ ಇದನ್ನು ನೋಡಿದ್ದೇವೆ. 2016ರ ಜನವರಿಯಲ್ಲಿ ತಿರುಚೆಂದೂರಿನ ಹತ್ತಿರ ಮಣಪಾಡು ಕರಾವಳಿಯಲ್ಲಿ ಎಂಬತ್ತಕ್ಕೂ ಜಾಸ್ತಿ ಪೈಲಟ್ ತಿಮಿಂಗಿಲಗಳು ದಡಕ್ಕೆ ಬಂದವು. ಮೀನುಗಾರರು ನೀರಿಗೆ ಇಳಿದು, ತಳ್ಳಿ, ದೋಣಿಗೆ ಕಟ್ಟಿ ಎಳೆದು ಒಳಗೆ ಬಿಟ್ಟರು. ಎಷ್ಟೋ ಪ್ರಾಣಿಗಳು ತಿರುಗಿ ಅದೇ ದಡಕ್ಕೆ ಬಂದವು. 1973ರಲ್ಲೂ ಅದೇ ಕರಾವಳಿಗೆ 147 ಬಂದಿದ್ದವು.

ಇನ್ನು ಮನುಷ್ಯ ಮಾಡಿದ್ದು. 2000ದ ಮಾರ್ಚ್‌ನಲ್ಲಿ ಬಹಾಮಾಸ್ ದ್ವೀಪಗಳ ದಡಕ್ಕೆ 17 ಪ್ರಾಣಿಗಳು ಬಂದವು. ಹೆಚ್ಚಿನವು ಕೊಕ್ಕಿನ ತಿಮಿಂಗಿಲಗಳು, ಅಂದರೆ ಬಹಳ ಆಳಕ್ಕೆ ಮುಳುಗುವ ಜಾತಿ. ಸತ್ತವುಗಳನ್ನು ಕೊಯ್ದು ನೋಡಿದರೆ ಕಿವಿಯ ಸುತ್ತ ರಕ್ತಸ್ರಾವ. ಅದೇ ಹೊತ್ತಿನಲ್ಲಿ ಅಮೆರಿಕದ ನೌಕಾಪಡೆ ಹತ್ತಿರದಲ್ಲೇ ಸೋನಾರ್ ಅಭ್ಯಾಸ ನಡೆಸಿತ್ತು. ಸೋನಾರ್ ಅಂದರೆ ನೀರಿನೊಳಗೆ ಜೋರು ಸದ್ದು ಬಿಟ್ಟು, ಅದು ಬಡಿದು ವಾಪಸ್ ಬರುವುದನ್ನು ಕೇಳಿ ಜಲಾಂತರ್ಗಾಮಿ ಹುಡುಕುವ ಯಂತ್ರ. ತನ್ನ ಸೋನಾರ್‌ನಿಂದಲೇ ಹೀಗಾಯಿತು ಅಂತ ನೌಕಾಪಡೆಯೇ ಆಮೇಲೆ ಒಪ್ಪಿಕೊಂಡಿತು. ಕ್ಯಾನರಿ ದ್ವೀಪಗಳಲ್ಲಿ 2002ರಲ್ಲಿ ಮತ್ತೆ ಅದೇ ಕಥೆ, ಈ ಸಲ 14 ತಿಮಿಂಗಿಲ. ದೇಹದ ಒಳಗೆ ಗಾಳಿಗುಳ್ಳೆಗಳು ಸಿಕ್ಕವು. ಆಳದಲ್ಲಿದ್ದ ಮುಳುಗುಗಾರ ಗಾಬರಿಯಾಗಿ ಸರ್ರನೆ ಮೇಲೆ ಬಂದರೆ ಆಗುತ್ತದಲ್ಲ, ಅದೇ ತೊಂದರೆ. ಸ್ಪೇನ್ ಸರ್ಕಾರ 2004ರಲ್ಲಿ ಅಲ್ಲಿ ಸೋನಾರ್ ನಿಲ್ಲಿಸಿತು. ಮುಂದೆ ಎಷ್ಟೋ ವರ್ಷ ಅಲ್ಲಿ ಕೊಕ್ಕಿನ ತಿಮಿಂಗಿಲಗಳು ಹೀಗೆ ಗುಂಪಾಗಿ ದಡಕ್ಕೆ ಬರಲಿಲ್ಲ. ಈ ವಿಷಯದಲ್ಲಿ ಇಷ್ಟು ಸ್ಪಷ್ಟ ಉತ್ತರ ಸಿಗುವುದು ಅಪರೂಪ.

ಸೂರ್ಯನ ಮೇಲೂ ಒಂದು ಗುಮಾನಿ ಇದೆ. ವಲಸೆ ಹೋಗುವ ಬೂದು ತಿಮಿಂಗಿಲಗಳು ಭೂಮಿಯ ಕಾಂತಕ್ಷೇತ್ರ ಹಿಡಿದು ದಾರಿ ನೋಡುತ್ತವೆ ಅನ್ನುವ ಊಹೆ. ಆರೋಗ್ಯವಾಗಿದ್ದೂ ದಡಕ್ಕೆ ಬಂದ 186 ಪ್ರಕರಣಗಳ ಲೆಕ್ಕವನ್ನು 2020ರಲ್ಲಿ ಪ್ರಕಟಿಸಿದರು. ಸೂರ್ಯನಿಂದ ಬರುವ ರೇಡಿಯೋ ಅಲೆಗಳ ಗದ್ದಲ ಜೋರಾಗಿದ್ದ ದಿನಗಳಲ್ಲಿ ಈ ಸಾಧ್ಯತೆ ನಾಲ್ಕು ಪಟ್ಟಿಗಿಂತ ಜಾಸ್ತಿ ಇತ್ತು. ಆ ಗದ್ದಲ ಕಾಂತಕ್ಷೇತ್ರ ಗುರುತಿಸುವ ಅವುಗಳ ಶಕ್ತಿಯನ್ನೇ ಕೆಡಿಸುತ್ತಿರಬಹುದು ಅಂತ ಗುಮಾನಿ. ಕುತೂಹಲದ ವಿಷಯವೇ. ಆದರೆ ಎಲ್ಲ ಸಾವಿಗೂ ಇದೇ ಕಾರಣ ಅಂತ ಸಂಶೋಧಕರೂ ಹೇಳಿಲ್ಲ, ನಾವೂ ಹೇಳುವುದು ಬೇಡ. ಕಾಯಿಲೆ, ಮುಪ್ಪು, ಹಡಗಿನ ಹೊಡೆತ, ಬಲೆಯ ಗಾಯ, ಇವೂ ಕಾರಣವೇ.

ಈಗ ನದಿಗೆ ಬರೋಣ. 1985ರ ಅಕ್ಟೋಬರ್‌ನಲ್ಲಿ ಒಂದು ಹಂಪ್‌ಬ್ಯಾಕ್ ತಿಮಿಂಗಿಲ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯಿಂದ ಸ್ಯಾಕ್ರಮೆಂಟೋ ನದಿಗೆ ನುಗ್ಗಿ ನೂರು ಕಿಲೋಮೀಟರ್‌ಗಿಂತ ಒಳಗೆ ಹೋಗಿಬಿಟ್ಟಿತು. ಜನ ಅದಕ್ಕೆ ಹಂಫ್ರಿ ಅಂತ ಹೆಸರಿಟ್ಟರು. ಸಿಹಿನೀರು ತಿಮಿಂಗಿಲದ ಚರ್ಮಕ್ಕೆ ಆಗಿಬರುವುದಿಲ್ಲ, ಊಟವೂ ಅಲ್ಲಿಲ್ಲ. ಮೊದಲು ನೀರಿನಲ್ಲಿ ಕಬ್ಬಿಣದ ಪೈಪು ಬಡಿದು, ಹೆದರಿಸಿ ಓಡಿಸಲು ನೋಡಿದರು. ಪೂರ್ತಿ ಫಲಿಸಲಿಲ್ಲ. ಆಮೇಲೆ ಒಬ್ಬರಿಗೆ ಒಳ್ಳೆಯ ಯೋಚನೆ ಬಂತು. ಬೇರೆ ಹಂಪ್‌ಬ್ಯಾಕ್‌ಗಳು ಮೇಯುವಾಗ ಮಾಡುವ ಸದ್ದಿನ ರೆಕಾರ್ಡನ್ನು ದೋಣಿಯಿಂದ ನೀರಿನೊಳಗೆ ಹಾಕಿದರು. ಹಂಫ್ರಿ ದೋಣಿಯ ಹಿಂದೆ ಹಿಂದೆಯೇ ಸಮುದ್ರದ ಕಡೆ ಹೊರಟಿತು. ಕೆಡಿಸುವುದೂ ಕಿವಿ, ಉಳಿಸುವುದೂ ಕಿವಿ. 1990ರಲ್ಲಿ ಪುಣ್ಯಾತ್ಮ ಮತ್ತೆ ಅದೇ ಕೊಲ್ಲಿಗೆ ಬಂದು ಕೆಸರಿನಲ್ಲಿ ಹೂತುಕೊಂಡಿತು, ಮತ್ತೆ ಎಳೆದು ಬಿಟ್ಟರು!

ಬಾಗಿಲಲ್ಲಿ ಒಬ್ಬ ಹುಡುಗ ಕೇಳಿದ, “ಸರ್, ನಮ್ಮ ಭೀಮಾಕ್ಕೆ ತಿಮಿಂಗಿಲ ಬರಬಹುದೇನ್ರೀ?” ಅಂತ. ಬರಲಾರದು. ಅದು ಬಂಗಾಳ ಕೊಲ್ಲಿಯಿಂದ ಕೃಷ್ಣಾ ನದಿ ಹತ್ತಬೇಕು. ವಿಜಯವಾಡದ ಪ್ರಕಾಶಂ ಬ್ಯಾರೇಜ್, ನಾಗಾರ್ಜುನ ಸಾಗರ, ಶ್ರೀಶೈಲ, ಜುರಾಲಾ ದಾಟಬೇಕು. ಅಣೆಕಟ್ಟು ಇಲ್ಲದಿದ್ದರೂ ಭೀಮಾ ಕೃಷ್ಣೆಯನ್ನು ಸೇರುವ ಜಾಗವೇ ಸಮುದ್ರಕ್ಕಿಂತ ಮುನ್ನೂರು ಮೀಟರ್‌ಗೂ ಎತ್ತರ. ಹಿಂದೆ ಎಂದಾದರೂ ಬಂದಿತ್ತಾ? ನೀವು ಕಾಲಿಟ್ಟಿರುವ ಈ ಶಹಾಬಾದಿ ಫರ್ಸಿ ಒಂದು ಕಾಲದಲ್ಲಿ ಸಮುದ್ರದ ತಳದ ಕೆಸರಾಗಿತ್ತು, ಅದು ನಿಜ. ಆದರೆ ಆಗ ಮೀನೂ ಹುಟ್ಟಿರಲಿಲ್ಲ. ಮುಂದೆ 6.6 ಕೋಟಿ ವರ್ಷದ ಹಿಂದೆ ಹರಿದ ಲಾವಾದಿಂದ ನಮ್ಮ ಕರಿಮಣ್ಣು ಬಂತು. ತಿಮಿಂಗಿಲದ ಪೂರ್ವಜರು ಕಾಲಿದ್ದ ಪ್ರಾಣಿಗಳಾಗಿ ಕಛ್‌ನ ಕರಾವಳಿಯಲ್ಲಿ ಓಡಾಡಿದ್ದು ಅದಕ್ಕೂ ಎಷ್ಟೋ ಆಮೇಲೆ.

ಆದರೆ ಕೀನ್ಯಾದಲ್ಲಿ ನೋಡಿ. ಟರ್ಕಾನಾ ಅನ್ನುವ ಒಣ ಸೀಮೆಯಲ್ಲಿ, ಸಮುದ್ರದಿಂದ 740 ಕಿ.ಮೀ. ಒಳಗೆ, 620 ಮೀಟರ್ ಎತ್ತರದಲ್ಲಿ 1964ರಲ್ಲಿ ಕೊಕ್ಕಿನ ತಿಮಿಂಗಿಲದ ತಲೆಯ ಮೂಳೆ ಸಿಕ್ಕಿತು. ವಯಸ್ಸು 1.7 ಕೋಟಿ ವರ್ಷ. ಅಮೆರಿಕಕ್ಕೆ ಒಯ್ದ ಮೇಲೆ ಎಲ್ಲಿಟ್ಟರೋ ಏನೋ, ದಶಕಗಟ್ಟಲೆ ಕಾಣೆಯಾಯಿತು. 2011ರಲ್ಲಿ ಮತ್ತೆ ಸಿಕ್ಕಿತು. ನದಿಯ ಮಣ್ಣಿನಲ್ಲಿ ಹೂತಿದ್ದರಿಂದ ಅದು ನದಿ ಹತ್ತಿ ಬಂದ ತಿಮಿಂಗಿಲ ಅಂತ ತಿಳಿಯಿತು. 620 ಮೀಟರ್ ಎತ್ತರಕ್ಕೆ ತಿಮಿಂಗಿಲ ಈಜಿ ಬರಲು ಸಾಧ್ಯವಿಲ್ಲ. ಹಾಗಾದರೆ ಆಗ ಆ ನೆಲ ತಗ್ಗಾಗಿತ್ತು. 24ರಿಂದ 37 ಮೀಟರ್ ಅಷ್ಟೇ ಅಂತ 2015ರಲ್ಲಿ ಲೆಕ್ಕ ಹಾಕಿದರು. ಪೂರ್ವ ಆಫ್ರಿಕಾದ ಪ್ರಸ್ಥಭೂಮಿ ಎದ್ದದ್ದು ಆಮೇಲೆ. ಅದು ಎದ್ದ ಮೇಲೆ ಮಳೆ ಕಡಿಮೆಯಾಯಿತು, ಕಾಡು ಹೋಗಿ ಹುಲ್ಲುಗಾವಲು ಬಂತು. ಮನುಷ್ಯನ ಪೂರ್ವಜರು ಎರಡು ಕಾಲ ಮೇಲೆ ನಡೆದ ನೆಲ ಅದು. ಅದು ಯಾವಾಗ ಏಳತೊಡಗಿತು ಅಂತ ತಿಳಿಯಲು ದಾರಿ ತಪ್ಪಿದ ಒಂದು ತಿಮಿಂಗಿಲ ಬೇಕಾಯಿತು.

ಕೊನೆಗೆ ಒಂದು ಉಪಯೋಗದ ಮಾತು. ನಮ್ಮವರು ರಜೆಗೆ ಗೋಕರ್ಣ, ಮುರ್ಡೇಶ್ವರಕ್ಕೆ ಹೋಗುತ್ತಾರೆ. ದಡದಲ್ಲಿ ಜೀವಂತ ತಿಮಿಂಗಿಲವೋ ಡಾಲ್ಫಿನ್ನೋ ಕಂಡರೆ ಬಾಲ ಹಿಡಿದು ಎಳೆಯಬೇಡಿ, ಬೆನ್ನು ಹತ್ತಿ ಸೆಲ್ಫಿ ತೆಗೆಯಬೇಡಿ. ದಡಕ್ಕೆ ಬಿದ್ದ ಮೀನಿನ ಹಾಗೆ ಅದು ಉಸಿರಾಡಲಾಗದೆ ಸಾಯುವುದಿಲ್ಲ, ಶ್ವಾಸಕೋಶ ಇರುವ ಪ್ರಾಣಿ ಅದು. ನೀರಿನ ಆಸರೆ ಇಲ್ಲದೆ ತನ್ನ ಭಾರಕ್ಕೆ ತಾನೇ ನಜ್ಜುಗುಜ್ಜಾಗುತ್ತದೆ, ದಪ್ಪ ಕೊಬ್ಬಿನ ಪದರದಿಂದ ಮೈ ಕಾದು ಬೇಯುತ್ತದೆ. ಒದ್ದೆ ಬಟ್ಟೆ ಹೊದಿಸಿ, ನೀರು ಹಾಕುತ್ತಿರಿ. ತಲೆಯ ಮೇಲಿನ ಮೂಗಿನ ತೂತನ್ನು ಮಾತ್ರ ಮುಚ್ಚಬೇಡಿ, ಅದರೊಳಗೆ ನೀರೂ ಮರಳೂ ಹೋಗದಂತೆ ನೋಡಿಕೊಳ್ಳಿ. ಬಾಲದಿಂದ ದೂರ ಇರಿ, ಒಂದು ಹೊಡೆತಕ್ಕೆ ಮೂಳೆ ಮುರಿಯುತ್ತದೆ. ಜನರನ್ನು ಹಿಂದೆ ಸರಿಸಿ, ಅರಣ್ಯ ಇಲಾಖೆಗೆ ಫೋನ್ ಮಾಡಿ.

ಇಷ್ಟೇ ನನ್ನ ಮಾತು. ಪ್ರಶ್ನೆ ಇದ್ದವರು ಕೇಳಿ, ಹಿಂದೆ ಕೂತವರಿಂದಲೇ ಶುರು ಮಾಡೋಣ.