ಅಮ್ಮ ಪೋಸ್ಟಲ್ಲಿ ಕಳಿಸಿದ ಕ್ಯಾಮೆರಾ

ಎಲ್ಲರಿಗೂ ನಮಸ್ಕಾರ. ಮೊದ್ಲೇ ಹೇಳ್ಬಿಡ್ತೀನಿ, ನಾನು ಮಿಲಿಟರಿ ಎಕ್ಸ್‌ಪರ್ಟ್ ಅಲ್ಲ, ಸಿನಿಮಾ ಹುಚ್ಚು ಹಿಡ್ಕೊಂಡು ಯುದ್ಧದ ಇತಿಹಾಸಕ್ಕೆ ಬಂದೋನು, ಟ್ಯಾಂಕಿನ ಮಾಡೆಲ್ ನಂಬರ್ ಕೇಳಿದ್ರೆ ಕೈ ಎತ್ಬಿಡ್ತೀನಿ. ಇವತ್ತು ಮಾತಾಡ್ತಿರೋದು ಎರಡನೇ ಮಹಾಯುದ್ಧದಲ್ಲಿ ಹೊಡೆದಾಡಿದ ಅಮೆರಿಕದ 16ನೇ ಇನ್ಫೆಂಟ್ರಿ (ಕಾಲಾಳು) ರೆಜಿಮೆಂಟ್ ಬಗ್ಗೆ, ಮಾತು ಮುಗಿದ್ಮೇಲೆ ಅದರ ಸೈನಿಕನೊಬ್ಬ ತೆಗೆದ ಫಿಲ್ಮ್ ನೋಡೋಣ. 1ನೇ ಡಿವಿಜನ್‌ಗೆ ಸೇರಿದ್ದು, ತೋಳಿನ ಮೇಲೆ ಕೆಂಪು ಬಣ್ಣದ ‘1’ ಅನ್ನೋ ಅಂಕೆ ಇರ್ತಿತ್ತಲ್ಲ, ಅವರೇ.

ಇವರ ದಾರಿ ಚುಟುಕಾಗಿ ಹೇಳ್ಬಿಡ್ತೀನಿ. 1942ರ ನವೆಂಬರಲ್ಲಿ ಅಲ್ಜೀರಿಯಾದ ಅರ್ಜ್ಯೂ, 1943ರ ಜುಲೈಲಿ ಸಿಸಿಲಿಯ ಜೆಲಾ, 1944ರ ಜೂನ್ 6ಕ್ಕೆ ನಾರ್ಮಂಡಿಯ ಒಮಾಹಾ ಬೀಚ್, ಆಮೇಲೆ ಬೆಲ್ಜಿಯಂ, ಜರ್ಮನಿಯ ಆಖನ್ (ಊರೊಳಗೆ ಮನೆಮನೆಗೆ ನುಗ್ಗಿ ಹೊಡೆದಾಡಿದ್ದು 26ನೇ ರೆಜಿಮೆಂಟು, ಇವರು ಪಕ್ಕದ ಐಲೆನ್‌ಡಾರ್ಫ್ ಹತ್ರ ಶೆಲ್ ತಿಂತಾ ಕೂತಿದ್ರು), ಹ್ಯೂರ್ಟ್ಗನ್ ಕಾಡು, ಬಲ್ಜ್ (1944ರ ಚಳಿಗಾಲದಲ್ಲಿ ಜರ್ಮನ್ನರು ತಿರುಗಿಬಿದ್ದ ಕಾಳಗ), ರೈನ್ ನದಿ, ಹಾರ್ಟ್ಸ್ ಬೆಟ್ಟ, ಕೊನೆಗೆ ಚೆಕೊಸ್ಲೊವಾಕಿಯಾ. ಇಷ್ಟು ದೂರದ ನಡಿಗೆ. ಆದ್ರೆ ಇದರಲ್ಲಿ ಕ್ಯಾಮೆರಾಗೆ ಸಿಕ್ಕಿ ನನ್ನ ಮನಸ್ಸಲ್ಲಿ ಉಳ್ಕೊಂಡಿರೋದು ಎರಡು ಕಡೆ ಮಾತ್ರ, ಒಂದು ಒಮಾಹಾದ ನೀರು, ಇನ್ನೊಂದು ಯುದ್ಧ ಮುಗಿದ ಮಾರನೇ ದಿನ.

ಒಮಾಹಾದ್ದು ನಿಮಗೆಲ್ಲ ಗೊತ್ತಿರುತ್ತೆ, ಯುದ್ಧದ ಫೋಟೋಗ್ರಾಫರ್ ರಾಬರ್ಟ್ ಕಾಪಾ ತೆಗೆದ ಆ ಶೇಕ್ ಆದ ಫೋಟೋಗಳು, ಎದೆಮಟ್ಟ ನೀರಲ್ಲಿ ಸೈನಿಕರು, ಕಬ್ಬಿಣದ ಅಡ್ಡಗಳ ಹಿಂದೆ ಬಗ್ಗಿಕೊಂಡೋರು. ಅವತ್ತು ಕಾಪಾ ಇಳಿದಿದ್ದು ಇದೇ 16ನೇ ರೆಜಿಮೆಂಟ್ ಜೊತೆ. ಲಂಡನ್ನಿನ ಡಾರ್ಕ್‌ರೂಮಲ್ಲಿ ಬಿಸಿ ಜಾಸ್ತಿ ಆಗಿ ಮಿಕ್ಕ ನೆಗೆಟಿವ್ ಎಲ್ಲ ಕರಗಿ ಹೋಯ್ತು, ಹನ್ನೊಂದೇ ಉಳೀತು ಅನ್ನೋ ಕಥೆನೂ ಕೇಳಿರ್ತೀರ. ಇತ್ತೀಚಿನ ವರ್ಷಗಳಲ್ಲಿ ಫೋಟೋ ಇತಿಹಾಸ ಬಲ್ಲೋರು ಇದನ್ನ ಚೆನ್ನಾಗಿ ಜಾಲಾಡಿದ್ದಾರೆ, ಕರಗೋದೆಲ್ಲ ಆಗದ ಮಾತು, ಅವನು ತೆಗೆದಿದ್ದೇ ಅಷ್ಟು ಇರ್ಬೇಕು ಅಂತ. ನನಗೂ ಹಾಗೇ ಅನ್ಸುತ್ತೆ. ಅದ್ರಿಂದ ಕಾಪಾ ಸಣ್ಣೋನೇನೂ ಆಗಲ್ಲ, ಅಲ್ಲಿ ಹೋಗಿ ಒಂದು ಕ್ಲಿಕ್ ಮಾಡಿದ್ರೂ ಸಾಕಿತ್ತು, ಅವತ್ತೊಂದೇ ದಿನ ಆ ರೆಜಿಮೆಂಟಲ್ಲಿ ಸತ್ತೋರು, ಗಾಯ ಆದೋರು, ಕಾಣೆ ಆದೋರು ಸೇರಿ ಸಾವಿರದ ಹತ್ರ.

ಅದೇ ಬೀಚಲ್ಲಿ ಅದೇ ದಿನ ಸ್ಯಾಮ್ಯುಯಲ್ ಫುಲ್ಲರ್ ಅಂತ ಒಬ್ಬ ಕಾರ್ಪೊರಲ್ ಇದ್ದ. ಮೊದಲು ನ್ಯೂಯಾರ್ಕಲ್ಲಿ ಕ್ರೈಮ್ ರಿಪೋರ್ಟರ್, ವಯಸ್ಸು ಮೂವತ್ತು ದಾಟಿತ್ತು, ಸೈನ್ಯದಲ್ಲಿ ಪ್ರೆಸ್ ಕೆಲಸ ಹಿಡ್ಕೊಂಡು ಸೇಫಾಗಿ ಇರ್ಬಹುದಿತ್ತು, ಬೇಡ ಅಂದು ರೈಫಲ್ ಹಿಡಿದ. ಒಮಾಹಾದಲ್ಲಿ ತಂತಿಬೇಲಿ ಒಡೆದು ಮೇಲೆ ಹತ್ತೋಕೆ ದಾರಿ ಆಗಿದೆ ಅನ್ನೋ ಸುದ್ದೀನ ರೆಜಿಮೆಂಟಿನ ಮುಖ್ಯಸ್ಥ ಕರ್ನಲ್ ಟೇಲರ್‌ಗೆ ಮುಟ್ಟಿಸೋಕೆ ಗುಂಡುಗಳ ಮಧ್ಯೆ ಬೀಚ್ ಉದ್ದಕ್ಕೂ ವಾಪಸ್ ಓಡಿದ್ದು ಇವನೇ, ಅದಕ್ಕೆ ಸಿಲ್ವರ್ ಸ್ಟಾರ್ ಅನ್ನೋ ಶೌರ್ಯ ಪದಕ ಸಿಕ್ತು. ಮುಂದೆ ಹಾಲಿವುಡ್ ಡೈರೆಕ್ಟರ್ ಆಗಿ ಹೆಸರು ಮಾಡ್ದ, ಅದು ಆಮೇಲಿನ ಮಾತು. ಅವನು ತೆಗೆದ ಮೊಟ್ಟಮೊದಲ ಫಿಲ್ಮ್ ಮಾತ್ರ ಯೂನಿಫಾರ್ಮಲ್ಲಿ ಇದ್ದಾಗಲೇ ತೆಗೆದಿದ್ದು.

ಕ್ಯಾಮೆರಾ ಸರ್ಕಾರದ್ದಲ್ಲ. ಅಮ್ಮಂಗೆ ಕಾಗದ ಬರೆದು ತರಿಸ್ಕೊಂಡಿದ್ದು, 16 ಎಂಎಂ ಬೆಲ್ ಅಂಡ್ ಹೋವೆಲ್. ಬ್ಯಾಟರಿ ಇಲ್ಲ, ಹಳೇ ಗೋಡೆ ಗಡಿಯಾರದ ಥರ ಕೀ ಕೊಡ್ಬೇಕು, ಸ್ಪ್ರಿಂಗ್ ಬಿಚ್ಕೊಳ್ಳೋವರೆಗೆ ಓಡುತ್ತೆ, ನಿಂತ್ರೆ ಮತ್ತೆ ಕೀ. ನೂರು ಅಡಿ ರೀಲು, ನಿಧಾನಕ್ಕೆ ಓಡಿಸಿದ್ರೂ ನಾಲ್ಕು ನಿಮಿಷ ಅಷ್ಟೆ. ಸೌಂಡ್ ಇಲ್ಲವೇ ಇಲ್ಲ. ರೈಫಲ್ ಹಿಡಿದಿರೋ ಕೈಲಿ ಇದನ್ನೂ ಹಿಡ್ಯೋಕಾಗುತ್ತಾ? ಯುದ್ಧದ ಚಿತ್ರ ತೆಗೆಯೋಕೆ ಅಂತಲೇ ಸೈನ್ಯದ ಸಿಗ್ನಲ್ ಕೋರ್ ಅನ್ನೋ ವಿಭಾಗದ ಕ್ಯಾಮೆರಾಮೆನ್ ಬೇರೆ ಇದ್ರು.

ಮೇ 1945, ಯುದ್ಧ ಆಗಷ್ಟೇ ಮುಗಿದಿತ್ತು. ಫಾಲ್ಕೆನೌ ಅನ್ನೋ ಊರು, ಈಗ ಸೊಕೊಲೊವ್ ಅಂತಾರೆ, ಚೆಕೊಸ್ಲೊವಾಕಿಯಾದಲ್ಲಿ ನೆಲೆಸಿದ್ದ ಸುಡೇಟನ್ ಜರ್ಮನ್ನರ ಸೀಮೆ. ಊರ ಪಕ್ಕದಲ್ಲೇ ಫ್ಲೋಸೆನ್‌ಬುರ್ಗ್ ಕಾನ್ಸಂಟ್ರೇಷನ್ ಕ್ಯಾಂಪಿನ ಒಂದು ಶಾಖೆ. ಒಳಗೆ ಹೆಣಗಳು. ಊರಿನ ದೊಡ್ಡ ಮನುಷ್ಯರನ್ನ ಕೇಳಿದ್ರೆ ಅಯ್ಯೋ ನಮಗೇನೂ ಗೊತ್ತೇ ಇರ್ಲಿಲ್ಲ ಅಂದ್ರು. ಫುಲ್ಲರ್‌ನ ಮೇಲಧಿಕಾರಿ ಕ್ಯಾಪ್ಟನ್ ಕಿಂಬಾಲ್ ರಿಚ್ಮಂಡ್‌ಗೆ ರೇಗಿಹೋಯ್ತು, ಆದ್ರೆ ಅವನು ಯಾರಿಗೂ ಹೊಡೀಲಿಲ್ಲ, ಗುಂಡು ಹಾರಿಸಲಿಲ್ಲ, ಬಟ್ಟೆ ತರಿಸಿ ನಿಮ್ಮ ಕೈಯಿಂದಲೇ ಈ ಹೆಣಗಳಿಗೆ ತೊಡಿಸಿ, ಗಾಡಿ ಮೇಲೆ ಇಟ್ಟು, ಊರ ಮಧ್ಯೆನೇ ತಳ್ಕೊಂಡು ಹೋಗಿ ಮಣ್ಣು ಮಾಡಿ ಅಂದ. ಫುಲ್ಲರ್ ಹತ್ರ ಕ್ಯಾಮೆರಾ ಇರೋದು ಗೊತ್ತಿತ್ತು, ನೀನು ಇದನ್ನ ತೆಗಿ ಅಂದ.

ತೆಗೆದಿದ್ದು ಇಪ್ಪತ್ತು ನಿಮಿಷದ ಆಸುಪಾಸು. ಕೋಟು ಹಾಕಿರೋ ಗಂಡಸರು ಬಗ್ಗಿ ಬಗ್ಗಿ ಹೆಣಗಳಿಗೆ ಶರ್ಟ್ ತೊಡಿಸ್ತಾರೆ, ಸೆಟೆದ ಕೈ ಶರ್ಟಿನ ತೋಳಿನೊಳಗೆ ಹೋಗಲ್ಲ, ಸುಮ್ನೆ ಸಾಲಾಗಿ ನಿಂತು ನೋಡೋ ಸೈನಿಕರು. ಕ್ಲೋಸಪ್ಪಿಗೆ ಹೋಗೋ ಆಸೆ ತೋರಿಸಲ್ಲ ಫುಲ್ಲರ್. ಆದ್ರೆ ಒಂದು ಶಾಟ್ ಇದೆ, ನನಗೆ ಅದೇ ಇಡೀ ಫಿಲ್ಮು. ಕ್ಯಾಂಪಿಂದ ಶುರುಮಾಡಿ ಕ್ಯಾಮೆರಾ ನಿಧಾನಕ್ಕೆ ಪಕ್ಕಕ್ಕೆ ತಿರುಗುತ್ತೆ, ತಿರುಗ್ತಾ ತಿರುಗ್ತಾ ಊರಿನ ಮನೆಗಳಿಗೆ ಬಂದು ಮುಟ್ಟುತ್ತೆ. ಮಧ್ಯೆ ಕಟ್ ಇಲ್ಲ. ಕ್ಯಾಂಪ್ ಒಂದು ಶಾಟು ಮನೆ ಒಂದು ಶಾಟು ಅಂತ ಅಂಟಿಸಿದ್ರೆ ಎರಡರ ಮಧ್ಯೆ ಎಷ್ಟು ಮೈಲಿ ಇತ್ತೋ ಅಂತ ವಾದ ಮಾಡ್ಬಹುದಿತ್ತು, ಈಗ ವಾದಕ್ಕೆ ಜಾಗನೇ ಇಲ್ಲ, ಕಲ್ಲೆಸೆದ್ರೆ ಬೀಳೋವಷ್ಟು ಹತ್ರ. ಫಿಲ್ಮ್ ಸ್ಕೂಲ್ ಮೆಟ್ಟಿಲು ಹತ್ತದೋನು, ಕ್ರೈಮ್ ರಿಪೋರ್ಟರ್ ಬುದ್ಧಿ ಇತ್ತು, ಸಾಕ್ಷಿ ಹೇಗೆ ಇಡ್ಬೇಕು ಅಂತ ಗೊತ್ತಿತ್ತು.

1980ರಲ್ಲಿ ತನ್ನ ರೆಜಿಮೆಂಟಿನ ಕಥೇನ ದ ಬಿಗ್ ರೆಡ್ ಒನ್ ಅಂತ ಸಿನಿಮಾ ಮಾಡ್ದ, ಲೀ ಮಾರ್ವಿನ್ ಹೀರೋ. ಬಜೆಟ್ ಕಮ್ಮಿ, ಒಮಾಹಾದಲ್ಲಿ ಸತ್ತೋನ ಕೈಗಡಿಯಾರ ತೋರಿಸ್ತಾನೆ, ಟೈಮ್ ಮುಂದೆ ಹೋಗ್ತಾ ಇರುತ್ತೆ, ಸುತ್ತ ನೀರು ಕೆಂಪಗಾಗ್ತಾ ಇರುತ್ತೆ, ಅಷ್ಟೇ. ಫಾಲ್ಕೆನೌ ಅದರಲ್ಲೂ ಇದೆ. ಆದ್ರೆ ಅಸಲಿ ರೀಲು ನಾಲ್ಕು ದಶಕ ಅವನ ಹತ್ರನೇ ಇತ್ತು, 1988ರಲ್ಲಿ ಎಮಿಲ್ ವೈಸ್ ಅನ್ನೋ ಡೈರೆಕ್ಟರ್ ಅವನನ್ನ ವಾಪಸ್ ಅದೇ ಊರಿಗೆ ಕರ್ಕೊಂಡು ಹೋಗಿ ಡಾಕ್ಯುಮೆಂಟರಿ ಮಾಡಿದಾಗ ಜನ ನೋಡಿದ್ರು. 2014ರಲ್ಲಿ ಆ ಅಸಲಿ ರೀಲು ಅಮೆರಿಕದ ನ್ಯಾಷನಲ್ ಫಿಲ್ಮ್ ರಿಜಿಸ್ಟ್ರಿಗೆ, ಅಂದ್ರೆ ಕಾಪಾಡಿ ಇಡ್ಬೇಕಾದ ಫಿಲ್ಮುಗಳ ಪಟ್ಟಿಗೆ ಸೇರ್ತು. ಅಷ್ಟೊತ್ತಿಗೆ ಫುಲ್ಲರ್ ತೀರಿಹೋಗಿ 17 ವರ್ಷ ಆಗಿತ್ತು.

ಸರಿ, ಹಿಂದಿನ ಲೈಟ್ ಯಾರಾದ್ರೂ ಆಫ್ ಮಾಡಿ, ಪ್ಲೀಸ್. ಸೌಂಡ್ ಬರಲ್ಲ, ಸ್ಪೀಕರ್ ಕೆಟ್ಟಿದೆ ಅನ್ಕೋಬೇಡಿ. ಮಕ್ಕಳನ್ನ ಕರ್ಕೊಂಡು ಬಂದಿರೋರು ಈಗ ಹೊರಗೆ ಹೋಗಿ ಟೀ ಕುಡೀಬಹುದು.