ಸುಸ್ತಿಗೂ ಒಂದು ಅಳತೆ ಇದೆ
ಕೇಳುಗರಿಗೆ ನಮಸ್ಕಾರ.

ಕ್ಯಾನ್ಸರ್‌ಗೆ ಕಿಮೋ ತೆಗೆದುಕೊಳ್ಳುತ್ತಿರುವವರನ್ನು ಹೇಗಿದ್ದೀರಿ ಎಂದು ಕೇಳಿದರೆ, "ಪರವಾಗಿಲ್ಲ, ಸ್ವಲ್ಪ ಸುಸ್ತು" ಎನ್ನುತ್ತಾರೆ. ಆ ಸ್ವಲ್ಪದಲ್ಲಿ ಏನೇನು ಅಡಗಿದೆ ಎಂಬುದು ಮನೆಯವರಿಗೇ ಗೊತ್ತು. ಬಚ್ಚಲಿಂದ ಹಾಸಿಗೆಗೆ ಬರುವಾಗ ನಡುವೆ ಗೋಡೆ ಹಿಡಿದು ನಿಲ್ಲುತ್ತಾರೆ. ಸೀರೆಯ ನೆರಿಗೆ ಹಿಡಿಯುವಷ್ಟರಲ್ಲಿ ಕೈಸೋತು ಮಂಚದ ಅಂಚಿಗೆ ಕೂತುಬಿಡುತ್ತಾರೆ. ಗದ್ದೆಯಲ್ಲಿ ದುಡಿದ ದಣಿವು ಒಂದು ರಾತ್ರಿಯ ನಿದ್ದೆಗೆ ಇಳಿಯುತ್ತದೆ. ಈ ಸುಸ್ತು ಹಾಗೆ ಇಳಿಯುವುದಿಲ್ಲ, ಮಾಡಿದ ಕೆಲಸಕ್ಕೂ ಇದಕ್ಕೂ ತಾಳೆಯೇ ಇರುವುದಿಲ್ಲ. ಯಾವ ರಕ್ತಪರೀಕ್ಷೆಯೂ ಇದನ್ನು ತೋರಿಸದು. ಹಿಮೋಗ್ಲೋಬಿನ್ ಕಡಿಮೆಯಿದ್ದರೆ ಒಂದು ಕಾರಣ ಸಿಕ್ಕಿತು, ಅಷ್ಟೆ. ಸುಸ್ತು ಎಷ್ಟಿದೆ ಎಂದು ರೋಗಿಯನ್ನೇ ಕೇಳಬೇಕು, ಕೇಳಿದ್ದನ್ನು ಬರೆದಿಡಬೇಕು.

ಮನೆಯಲ್ಲೇ ಮಾಡಬಹುದಾದ ಅಳತೆ ಒಂದಿದೆ. ಕಳೆದ 24 ಗಂಟೆಯಲ್ಲಿ ಸುಸ್ತು ಅತಿ ಹೆಚ್ಚಾದಾಗ ಎಷ್ಟಿತ್ತು, 0ಯಿಂದ 10ರೊಳಗೆ ಹೇಳಿ ಎಂದು ಕೇಳುವುದು. 0 ಅಂದರೆ ಸುಸ್ತೇ ಇಲ್ಲ. 10 ಅಂದರೆ ಊಹಿಸಬಹುದಾದ ಅತಿ ಕೆಟ್ಟ ಸುಸ್ತು. 1ರಿಂದ 3 ಕಡಿಮೆ, 4ರಿಂದ 6 ಮಧ್ಯಮ, 7ರಿಂದ ಮೇಲೆ ತೀವ್ರ. 4 ಮುಟ್ಟಿತೆಂದರೆ ವೈದ್ಯರು ಕೂತು ಕಾರಣ ಹುಡುಕಬೇಕು.

ಇಷ್ಟು ಸುಲಭದ ಪ್ರಶ್ನೆಯೂ ಹಾದಿ ತಪ್ಪುತ್ತದೆ. ನಮ್ಮಲ್ಲಿ ಹತ್ತಕ್ಕೆ ಹತ್ತು ಎಂದರೆ ಶಾಲೆಯ ಅಂಕ, ಒಳ್ಳೆಯದು ಎಂಬ ಅರ್ಥ. ಆರಾಮವಾಗಿದ್ದವರು 9 ಎಂದದ್ದೂ ಉಂಟು. ಆದ್ದರಿಂದ ಎರಡೂ ತುದಿಗಳ ಅರ್ಥವನ್ನು ಮೊದಲು ಹೇಳಿ, ರೋಗಿಯ ಬಾಯಲ್ಲಿ ಒಮ್ಮೆ ಹೇಳಿಸಿ, ಆಮೇಲೆ ಸಂಖ್ಯೆ ಕೇಳಿ. ಇನ್ನು ಕೆಲವರು ಮಲಗಿದ್ದಾಗ ಕೇಳಿದರೆ 2 ಎನ್ನುತ್ತಾರೆ, ಏಕೆಂದರೆ ಆ ಹೊತ್ತಿಗೆ ಸುಸ್ತಿಲ್ಲ. ಅದಕ್ಕೇ "ಅತಿ ಹೆಚ್ಚಾದಾಗ" ಎಂಬ ಮಾತು ಬಿಡಬಾರದು. ಪಕ್ಕದಲ್ಲಿ ನಿಂತ ಮಗ "ಅಮ್ಮಂಗೆ ಅಷ್ಟೇನಿಲ್ಲ ಡಾಕ್ಟ್ರೇ" ಎಂದು ಉತ್ತರ ಕೊಡುವುದೂ ಇದೆ. ಪ್ರೀತಿಯಿಂದಲೇ ಹೇಳುತ್ತಾನೆ, ಆದರೆ ಉತ್ತರ ಅಮ್ಮನದೇ ಆಗಬೇಕು. ಪದವೂ ಮುಖ್ಯ: ಸುಸ್ತು, ಆಯಾಸ, ನಿತ್ರಾಣ, ಕೈಕಾಲು ಸೋಲುವುದು, ಇವುಗಳಲ್ಲಿ ಅವರು ಬಳಸುವ ಪದವನ್ನೇ ಹಿಡಿದು ಪ್ರತಿ ಸಲವೂ ಅದರಲ್ಲೇ ಕೇಳಿ. ಕೆಲವರಿಗೆ ಆಯಾಸ ಎಂದರೆ ಏದುಸಿರು. ಅದು ಬೇರೆ ತೊಂದರೆ.

ಯಾವಾಗ ಕೇಳುತ್ತೇವೆ ಎಂಬುದರಲ್ಲಿ ದೊಡ್ಡ ತಪ್ಪಾಗುತ್ತದೆ. ಬಹಳ ಮಂದಿಗೆ ಕಿಮೋ ಆದ ಮೊದಲ ಕೆಲವು ದಿನ ಸುಸ್ತು ಹೆಚ್ಚು. ಮುಂದಿನ ಸುತ್ತಿನ ಹೊತ್ತಿಗೆ ಚೇತರಿಸಿಕೊಂಡಿರುತ್ತಾರೆ. ಆಸ್ಪತ್ರೆಗೆ ಬರುವುದು ಆ ಮುಂದಿನ ಸುತ್ತಿಗೆ. ಹೀಗೆ ವೈದ್ಯರ ಕಣ್ಣಿಗೆ ಬೀಳುವುದು ಅವರ ಅತಿ ಒಳ್ಳೆಯ ದಿನ! ರೇಡಿಯೇಷನ್‌ನಲ್ಲಿ ಇದು ತಿರುಗುಮುರುಗು: ವಾರದಿಂದ ವಾರಕ್ಕೆ ಕೂಡುತ್ತಾ ಹೋಗಿ, ಚಿಕಿತ್ಸೆಯ ಕೊನೆಯ ಹೊತ್ತಿಗೆ ಹೆಚ್ಚಾಗಿ, ಮುಗಿದ ಮೇಲೂ ಕೆಲವು ವಾರ ಕಾಡುತ್ತದೆ. ಆದ್ದರಿಂದ ದಿನಾ ಸಂಜೆ ಒಂದೇ ಹೊತ್ತಿಗೆ, ಒಂದು ನೋಟ್‌ಬುಕ್‌ನಲ್ಲಿ ತಾರೀಖು, ಸಂಖ್ಯೆ, ಅಂದು ಮಾಡಲಾಗದೆ ಬಿಟ್ಟ ಒಂದು ಕೆಲಸ ಬರೆಯಿರಿ.

ಆಸ್ಪತ್ರೆಗಳಲ್ಲಿ ಇನ್ನೂ ವಿವರವಾದ ಪಟ್ಟಿಗಳಿವೆ. 1999ರಲ್ಲಿ ಪ್ರಕಟವಾದ ಬ್ರೀಫ್ ಫೆಟೀಗ್ ಇನ್ವೆಂಟರಿಯಲ್ಲಿ 9 ಪ್ರಶ್ನೆ. ಮೊದಲ ಮೂರು ಸುಸ್ತು ಈಗ ಎಷ್ಟು, ಸಾಮಾನ್ಯವಾಗಿ ಎಷ್ಟು, ಹೆಚ್ಚೆಂದರೆ ಎಷ್ಟು ಎಂದು ಕೇಳುತ್ತವೆ. ಉಳಿದ ಆರು ದಿನದ ಚಟುವಟಿಕೆ, ಮನಸ್ಸು, ನಡಿಗೆ, ಕೆಲಸ, ಜನರೊಡನೆ ಒಡನಾಟ, ಬದುಕಿನ ಖುಷಿ ಇವುಗಳಿಗೆ ಸುಸ್ತು ಎಷ್ಟು ಅಡ್ಡಿ ಎಂದು ಕೇಳುತ್ತವೆ. ಒಬ್ಬರ ಉತ್ತರ 6, 5, 8, 7, 3, 8, 8, 2, 5 ಎಂದಿಟ್ಟುಕೊಳ್ಳಿ. ಕೂಡಿದರೆ 52, 9ರಿಂದ ಭಾಗಿಸಿದರೆ ಸುಮಾರು 5.8. ಸರಾಸರಿ ಮಧ್ಯಮವೇ. ಬಿಡಿಬಿಡಿಯಾಗಿ ನೋಡಿ: ನಡಿಗೆಗೆ 8, ಕೆಲಸಕ್ಕೆ 8, ಮನಸ್ಸಿಗೆ 3. ಮನಸ್ಸು ಗಟ್ಟಿಯಿದೆ, ಕಾಲಿನಲ್ಲಿ ತ್ರಾಣವಿಲ್ಲ. ನನಗೆ ಸರಾಸರಿಗಿಂತ ಈ ಬಿಡಿ ಅಂಕಿಗಳೇ ಹೆಚ್ಚು ಹೇಳುತ್ತವೆ.

ಫ್ಯಾಸಿಟ್ ಫೆಟೀಗ್ ಎಂಬ ಪಟ್ಟಿಯಲ್ಲಿ 13 ಪ್ರಶ್ನೆ, ಕಳೆದ 7 ದಿನದ ಬಗ್ಗೆ, ಒಟ್ಟು 52 ಅಂಕ. ಇಲ್ಲಿ ಅಂಕ ಏರಿದರೆ ಸುಸ್ತು ಇಳಿದಿದೆ ಎಂದರ್ಥ, ಮೊದಲಿನದಕ್ಕೆ ಉಲ್ಟಾ. ಪಟ್ಟಿಯ ಹೆಸರು ಬರೆಯದೆ ಬರೀ ಅಂಕ ಬರೆದರೆ ಅನಾಹುತವಾಗುವುದು ಇಲ್ಲೇ. ಸುಮಾರು 3–4 ಅಂಕದ ಬದಲಾವಣೆ ರೋಗಿಯ ಅನುಭವಕ್ಕೂ ಬರುವಂಥದ್ದು. ಡಯಾಲಿಸಿಸ್‌ನವರಿಗೆ ಮೂರೇ ಪ್ರಶ್ನೆಯ ಪಟ್ಟಿಯೊಂದಿದೆ, ಒಟ್ಟು 9 ಅಂಕ. ಯಾವುದನ್ನೂ ನಿಂತಲ್ಲೇ ಮನಸ್ಸಿಗೆ ಬಂದಂತೆ ಕನ್ನಡಕ್ಕೆ ತಿರುಗಿಸಬೇಡಿ. ಪರೀಕ್ಷಿಸಿದ ಅನುವಾದವನ್ನೇ ಬಳಸಿ.

ಅಂಕಿ ಸಿಕ್ಕ ಮೇಲೆ ವೈದ್ಯರು ನೋಡುವುದು ರಕ್ತಹೀನತೆ, ಥೈರಾಯ್ಡ್, ನೋವು, ನಿದ್ದೆ, ಖಿನ್ನತೆ, ಊಟ, ಮಂಪರು ತರಿಸುವ ಮಾತ್ರೆಗಳು. ಇವುಗಳಲ್ಲಿ ಹಲವಕ್ಕೆ ಮದ್ದಿದೆ. ಪಾಪ, ರೆಸ್ಟ್ ಮಾಡಲಿ ಎಂದು ದಿನವಿಡೀ ಮಲಗಿಸಿದರೆ ಸ್ನಾಯು ಸೊರಗಿ ಸುಸ್ತು ಇನ್ನೂ ಏರುತ್ತದೆ. ವೈದ್ಯರನ್ನು ಕೇಳಿಕೊಂಡು, ಅಂಗಳದಲ್ಲಿ ಐದು ನಿಮಿಷವಾದರೂ ನಡೆಸಿ. ಆದರೆ ಸುಸ್ತು ಏಕಾಏಕಿ ಏರಿ ಏದುಸಿರು, ಎದೆನೋವು ಬಂದರೆ, ಅಥವಾ ಕಿಮೋ ನಡೆದಿರುವಾಗ ಜ್ವರ 100.4 ಡಿಗ್ರಿ ಮುಟ್ಟಿದರೆ ನೋಟ್‌ಬುಕ್ ಪಕ್ಕಕ್ಕಿಟ್ಟು ಕೂಡಲೇ ಆಸ್ಪತ್ರೆಗೆ ಹೊರಡಿ.

ಚಿಕಿತ್ಸೆ ಮುಗಿದರೂ ಸುಸ್ತು ಕೆಲವರಲ್ಲಿ ತಿಂಗಳುಗಟ್ಟಲೆ, ವರ್ಷಗಟ್ಟಲೆ ಉಳಿಯುತ್ತದೆ. ಮುಂದಿನ ತಪಾಸಣೆಗೆ ಹೋದಾಗ ಸ್ಕ್ಯಾನ್ ರಿಪೋರ್ಟಿನ ಮೇಲೆ ಆ ನೋಟ್‌ಬುಕ್ ಇಟ್ಟು ಕೊಡಿ. ನಮಸ್ಕಾರ.